ಬಳ್ಳಾರಿ ಸೀಮೆಯ ಹಳೆ ಶಾಲೆಗಳ ಹಾಜರಿ

ಮಿಯಾಪುರದ ಮೆಟ್ರೋ ನಿಲ್ದಾಣ ದಾಟಿ, ಕಟ್ಟಡಗಳು ಏಳುತ್ತಿರುವ ಕಡೆ ನಡೆದರೆ ರಾಯಚೂರು, ಯಾದಗಿರಿ ಕಡೆಯ ಕನ್ನಡ ಕಿವಿಗೆ ಬೀಳುತ್ತೆ. ಶಾಲೆಯ ಹೊತ್ತಲ್ಲೇ ಎಂಟು ಹತ್ತು ವರ್ಷದ ಹುಡುಗಿಯರು ತಂಗಿ ತಮ್ಮನನ್ನು ಸೊಂಟದ ಮೇಲೆ ಹೊತ್ತು ಓಡಾಡ್ತಿರ್ತಾರೆ. ಅವರನ್ನು ನೋಡಿದಾಗ ನನಗೆ ಇನ್ನೂರು ವರ್ಷ ಹಳೆಯ ವರದಿಯೊಂದು ನೆನಪಾಗುತ್ತದೆ.

1800ರಲ್ಲಿ ಹೈದರಾಬಾದಿನ ನಿಜಾಮರು ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟಿದ್ದರು. 1822ರಲ್ಲಿ ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ ಊರೂರಿನ ಶಾಲೆಗಳ ಲೆಕ್ಕ ಕೇಳಿದ. ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ 1823ರಲ್ಲಿ ಉತ್ತರ ಬರೆದ. ಜಿಲ್ಲೆಯಲ್ಲಿ 533 ಶಾಲೆಗಳು, 6,641 ಮಕ್ಕಳು. ಅಂದ್ರೆ ಒಂದು ಶಾಲೆಗೆ ಸುಮಾರು ಹನ್ನೆರಡೇ ಮಕ್ಕಳು. ಕನ್ನಡದ ಶಾಲೆಗಳು 235, ತೆಲುಗಿನವು 226, ಪಾರ್ಸಿಯವು 21.

ಶಾಲೆ ಬೆಳಿಗ್ಗೆ ಆರಕ್ಕೇ ಶುರು. ಮೊದಲು ಬಂದವನ ಅಂಗೈ ಮೇಲೆ 'ಸರಸ್ವತಿ' ಅಂತ ಬರೆಯುತ್ತಿದ್ದರು. ಎರಡನೆಯವನಿಗೆ ಒಂದು ಸೊನ್ನೆ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆ ಏರುತ್ತಿತ್ತು. ಹೊಸಬರು ಮರಳಿನ ಮೇಲೆ ಬೆರಳಿಂದ ಅಕ್ಷರ ತಿದ್ದುತ್ತಿದ್ದರು. ಆಮೇಲೆ ಹಲಗೆ, ಕಡತ. ಕಡತ ಅಂದ್ರೆ ಗಂಜಿ ಹಾಕಿ ಮಡಿಚಿದ ಬಟ್ಟೆಗೆ ಇದ್ದಿಲು, ಅಂಟು ಬಳಿದ ಕರಿ ಪುಸ್ತಕ. ಬಳಪದಲ್ಲಿ ಬರೆಯೋದು, ಒರೆಸೋದು, ಮತ್ತೆ ಬರೆಯೋದು. ದೊಡ್ಡ ಹುಡುಗರೇ ಚಿಕ್ಕವರಿಗೆ ಕಲಿಸುತ್ತಿದ್ದರು. ಇಂಗ್ಲೆಂಡ್ ಈ ಪದ್ಧತಿಯನ್ನು ಅನುಕರಿಸಿದ್ದು ಸರಿ ಅಂತ ಕ್ಯಾಂಪ್‌ಬೆಲ್ ಮೆಚ್ಚಿದ್ದಾನೆ. ಅರ್ಥ ಗೊತ್ತಿಲ್ಲದೆ ಬಾಯಿಪಾಠ ಮಾಡಿಸುವುದನ್ನು ದೂರಿಯೂ ಇದ್ದಾನೆ.

ಇಲ್ಲಿಗೇ ನಿಲ್ಲಿಸಿದರೆ ಚೆಂದದ ಕತೆ. ಆದರೆ ಹಾಜರಿಯನ್ನು ಸ್ವಲ್ಪ ಗಮನಿಸಿ. ಮುಸ್ಲಿಂ ಮಕ್ಕಳು ಕೇವಲ 243. ಇಡೀ ಜಿಲ್ಲೆಯಲ್ಲಿ ಶಾಲೆಗೆ ಬರುತ್ತಿದ್ದ ಹುಡುಗಿಯರು 60. ಅವರಲ್ಲಿ ಮುಸ್ಲಿಂ ಹುಡುಗಿ ಒಬ್ಬಳೂ ಇಲ್ಲ. ಮನೆಯೊಳಗೆ ಓದು ಕಲಿತವರು ಇದ್ದಿರಬಹುದು, ಶಾಲೆಯ ಹೊಸ್ತಿಲನ್ನಂತೂ ಅವರು ದಾಟಿರಲಿಲ್ಲ.

ಒಂಬತ್ತು ಲಕ್ಷಕ್ಕೂ ಮೀರಿದ ಜನರಿರುವ ಸೀಮೆಯಲ್ಲಿ ಏಳು ಸಾವಿರ ಮಕ್ಕಳೂ ಯಾಕೆ ಕಲಿಯುತ್ತಿಲ್ಲ? ಕ್ಯಾಂಪ್‌ಬೆಲ್ ಕೊಟ್ಟ ಕಾರಣ ಬಡತನ. ಯುರೋಪಿನ ಬಟ್ಟೆ ಬಂದು ನೇಕಾರರ ಕಸುಬು ಕುಸಿದಿದೆ, ಹಿಂದೆ ಶಾಲೆಗಳಿದ್ದ ಎಷ್ಟೋ ಹಳ್ಳಿಗಳಲ್ಲಿ ಈಗ ಶಾಲೆ ಇಲ್ಲ, ಮಕ್ಕಳ ಎಳೆಯ ಕೈಕಾಲಿಗೆ ತ್ರಾಣ ಬಂದ ಕೂಡಲೇ ದುಡಿಮೆಗೆ ಕರೀತಾರೆ ಅಂತ ಕಂಪನಿಯ ಅಧಿಕಾರಿಯೇ ಬರೆದ.

ಹಳೆ ಶಾಲೆಗಳನ್ನು ಹೊಗಳುವಾಗ ಹೊರಗುಳಿದ ಮಕ್ಕಳನ್ನೂ ಲೆಕ್ಕಕ್ಕೆ ಹಿಡಿಯಬೇಕು. 2009ರ ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣವನ್ನು ಹಕ್ಕಾಗಿ ಕೊಟ್ಟಿದೆ, ನಿಜ. ಆದರೆ ಅಮ್ಮ ಇಟ್ಟಿಗೆ ಹೊರಲು ಹೋದಾಗ ಕೂಸನ್ನು ನೋಡಿಕೊಳ್ಳೋರು ಯಾರು? ಅದಕ್ಕೊಂದು ದಾರಿ ಮಾಡದೆ ಮಿಯಾಪುರದ ಆ ಹುಡುಗಿ ಶಾಲೆಗೆ ಹೋಗೋದಾದರೂ ಹೇಗೆ?