ಮಂಡ್ಯ ಪ್ರದೇಶದಲ್ಲಿ ಸುಧಾರಣೆಯ ಪದಾವಳಿ

ಮಂಡ್ಯ, ಮದ್ದೂರು ಮತ್ತು ಮಳವಳ್ಳಿ ತಾಲ್ಲೂಕುಗಳನ್ನೊಳಗೊಂಡ ಪ್ರದೇಶದಲ್ಲಿ ಧರ್ಮ, ರಾಜಕೀಯ ಹಾಗೂ ಕಾನೂನಿನ ಬದಲಾವಣೆಗಳನ್ನು ಸೂಚಿಸಲು ಬಳಕೆಯಲ್ಲಿರುವ ಪದಗಳನ್ನು ಈ ಲೇಖನ ವಿವರಿಸುತ್ತದೆ. ಇವುಗಳಲ್ಲಿ ಹೆಚ್ಚು ಪರಿಚಿತವಾದ 'ಸುಧಾರಣೆ' ಬಹುಮಟ್ಟಿಗೆ ಸರ್ಕಾರದ ಕಡೆಯಿಂದ ಬಂದ ಪದ. ಜನರು ತಮ್ಮ ಬೇಡಿಕೆಗಳಿಗೆ ಬೇರೆ ಹೆಸರುಗಳನ್ನು ಬಳಸಿದ್ದೇ ಹೆಚ್ಚು.

ಪದಗಳ ಮೂಲ ಮತ್ತು ಅರ್ಥ

ಕಾನೂನು, ರದ್ದು, ಜವಾಬ್ದಾರಿ ಮೊದಲಾದ ಆಡಳಿತ ಪದಗಳು ಅರಬ್ಬಿ–ಪಾರಸಿ ಮೂಲದವು. ಉದ್ಧಾರ, ಜೀರ್ಣೋದ್ಧಾರ, ಪರಿಷ್ಕರಣೆ ಸಂಸ್ಕೃತದವು. 'ತಿದ್ದು' ಅಚ್ಚಕನ್ನಡದ ಕ್ರಿಯಾಪದ. ಮಗು ಸ್ಲೇಟಿನ ಮೇಲೆ ಅಕ್ಷರ ತಿದ್ದುವುದಕ್ಕೂ ಶಾಸನಸಭೆ ಕಾಯಿದೆಗೆ 'ತಿದ್ದುಪಡಿ' ತರುವುದಕ್ಕೂ ಇದೇ ಧಾತು ಆಧಾರ.

'ಸುಧಾರಿಸು' ಎಂಬುದಕ್ಕೆ ಆಡುಮಾತಿನಲ್ಲಿ ಉತ್ತಮಗೊಳಿಸುವುದಲ್ಲದೆ ಬೇರೆ ಅರ್ಥಗಳೂ ಇವೆ. ದಣಿದವರಿಗೆ 'ಸುಧಾರಿಸಿಕೊಳ್ಳಿ' ಎಂದರೆ ದಣಿವಾರಿಸಿಕೊಳ್ಳಿ ಎಂದರ್ಥ. 'ಸುಧಾರಿಸಿಕೊಂಡು ಹೋಗುವುದು' ಎಂದರೆ ಇದ್ದುದರಲ್ಲಿ ಸಹಿಸಿಕೊಂಡು ನಡೆಯುವುದು. ಬದಲಾವಣೆಯನ್ನು ಸೂಚಿಸುವ ಪದವೇ ಬದಲಾಗದ ಸ್ಥಿತಿಗೆ ಹೊಂದಿಕೊಳ್ಳುವುದನ್ನೂ ಸೂಚಿಸುತ್ತದೆ. 'ಉದ್ಧಾರ'ವಂತೂ ಮಾತಿನಲ್ಲಿ ವ್ಯಂಗ್ಯಕ್ಕೆ ಬಳಕೆಯಾಗುವುದೇ ಹೆಚ್ಚು.

ಧಾರ್ಮಿಕ ಪದಗಳು

ಹನ್ನೆರಡನೆಯ ಶತಮಾನದ ಶರಣರ ಕಾರ್ಯವನ್ನು ಇಂದು 'ಸಮಾಜ ಸುಧಾರಣೆ', 'ಕ್ರಾಂತಿ', 'ವಚನ ಚಳವಳಿ' ಎಂದು ಕರೆಯಲಾಗುತ್ತದೆ. ಇವೆಲ್ಲ ಆಧುನಿಕ ಹೆಸರುಗಳು. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿ ಗದ್ದುಗೆಯಿರುವ ಮಂಟೇಸ್ವಾಮಿಯ ಪರಂಪರೆ ಇದೇ ವಿಷಯವನ್ನು ಬೇರೆ ಬಗೆಯಲ್ಲಿ ನೋಡುತ್ತದೆ. ನೀಲಗಾರರು ಹಾಡುವ ಮಂಟೇಸ್ವಾಮಿ ಕಾವ್ಯದಲ್ಲಿ 'ಧರೆಗೆ ದೊಡ್ಡವರು' ಎನಿಸಿದ ಗುರು ಕಲ್ಯಾಣಕ್ಕೆ ಹೋಗಿ ಅಲ್ಲಿನ ಶರಣರನ್ನು ಪರೀಕ್ಷಿಸುತ್ತಾನೆ. ಸುಧಾರಕರನ್ನೇ ಪ್ರಶ್ನಿಸುವ ಈ ಪ್ರಸಂಗದಲ್ಲಿ ಮುಖ್ಯವಾಗುವುದು ನಿಜಭಕ್ತಿ ಮತ್ತು ಡಂಭಾಚಾರದ ನಡುವಿನ ವ್ಯತ್ಯಾಸ. (ಈ ಪರಂಪರೆಯ ಲಾಂಛನವಾದ 'ಕಂಡಾಯ'ಕ್ಕೂ ಭೂಮಿಯ ಮೇಲಿನ 'ಕಂದಾಯ'ಕ್ಕೂ ಸಂಬಂಧವಿಲ್ಲ.)

ಹೆಸರು ಬದಲಿಸುವುದೂ ಸುಧಾರಣೆಯ ಒಂದು ವಿಧಾನವಾಗಿತ್ತು. ಮೇಲುಕೋಟೆಯಲ್ಲಿ ಅಸ್ಪೃಶ್ಯರೆನಿಸಿದ್ದವರಿಗೆ ರಾಮಾನುಜರು 'ತಿರುಕುಲದವರು' ಎಂಬ ಹೆಸರನ್ನು ಕೊಟ್ಟರೆಂಬ ಪ್ರತೀತಿಯಿದೆ. ಅವರಿಗೆ ದೇವಾಲಯ ಪ್ರವೇಶ ದೊರೆಯುತ್ತಿದ್ದುದು ಮಾತ್ರ ವರ್ಷದ ಕೆಲವೇ ದಿನ. ಇಪ್ಪತ್ತನೆಯ ಶತಮಾನದಲ್ಲಿ 'ಹರಿಜನ' ಎಂಬ ಪದ ಪ್ರಚಾರಕ್ಕೆ ಬಂತು. 1934ರ ಜನವರಿಯಲ್ಲಿ ಗಾಂಧೀಜಿ ಹರಿಜನ ಪ್ರವಾಸದ ಅಂಗವಾಗಿ ಮೈಸೂರು ಸಂಸ್ಥಾನದಲ್ಲಿ ಸಂಚರಿಸಿದರು. ಮುಂದೆ 'ದಲಿತ' ಎಂಬುದು ಆ ಸಮುದಾಯಗಳು ತಾವೇ ಆರಿಸಿಕೊಂಡ ಪದವಾಗಿ ನೆಲೆಗೊಂಡಿತು. ಕಾನೂನಿನಲ್ಲಿರುವ ಪದ 'ಪರಿಶಿಷ್ಟ ಜಾತಿ'. ಇತರರು ಕೊಟ್ಟ ಹೆಸರು, ತಾವೇ ಇಟ್ಟುಕೊಂಡ ಹೆಸರು ಮತ್ತು ಕಾನೂನು ಗುರುತಿಸುವ ಹೆಸರು ಬೇರೆ ಬೇರೆಯಾಗಿರುವುದು ಗಮನಾರ್ಹ.

ರಾಜಕೀಯ ಪದಗಳು

ಮೈಸೂರು ಸಂಸ್ಥಾನದಲ್ಲಿ 1881ರ ಪ್ರಜಾಪ್ರತಿನಿಧಿ ಸಭೆ ಹಾಗೂ 1907ರ ನ್ಯಾಯವಿಧಾಯಕ ಸಭೆ ಅರಮನೆಯ ಅನುಗ್ರಹದಿಂದ ಬಂದ ಸುಧಾರಣೆಗಳೆಂದು ಪರಿಗಣಿತವಾಗಿದ್ದವು. 1918ರಲ್ಲಿ ನೇಮಕವಾದ ಮಿಲ್ಲರ್ ಸಮಿತಿಯ ನಂತರ 'ಹಿಂದುಳಿದ ವರ್ಗ' ಆಡಳಿತದ ಪದವಾಯಿತು.

ಕಾಂಗ್ರೆಸ್ ಚಳವಳಿಯ ಬೇಡಿಕೆ 'ಸುಧಾರಣೆ' ಅಲ್ಲ, 'ಜವಾಬ್ದಾರಿ ಸರ್ಕಾರ'. ಪಾರಸಿಯ 'ಜವಾಬ್' ಎಂದರೆ ಉತ್ತರ. ಪ್ರಜೆಗಳಿಗೆ ಉತ್ತರ ಹೇಳಬೇಕಾದ ಸರ್ಕಾರ ಎಂಬ ಅರ್ಥ ಪದದಲ್ಲೇ ಅಡಗಿದೆ. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ ಅಧಿವೇಶನ ನಡೆಯಿತು. ಆಗ ಈ ಪ್ರದೇಶ ಮೈಸೂರು ಜಿಲ್ಲೆಗೆ ಸೇರಿತ್ತು. ಮಂಡ್ಯ ಜಿಲ್ಲೆ ರಚನೆಯಾದದ್ದು 1939ರಲ್ಲಿ. ತ್ರಿವರ್ಣ ಧ್ವಜ ಹಾರಿಸುವುದಕ್ಕೆ ನಿಷೇಧವಿದ್ದರೂ ಏಪ್ರಿಲ್ 11ರಂದು ಟಿ. ಸಿದ್ದಲಿಂಗಯ್ಯನವರು ಧ್ವಜವನ್ನೇರಿಸಿ ಬಂಧನಕ್ಕೊಳಗಾದರು. 'ಶಿವಪುರ ಧ್ವಜ ಸತ್ಯಾಗ್ರಹ'ವೆಂಬ ಹೆಸರು ನಿಂತಿತು. ಅದೇ ತಿಂಗಳು ವಿದುರಾಶ್ವತ್ಥದಲ್ಲಿ ಗೋಲಿಬಾರ್ ನಡೆದ ಮೇಲೆ ಸರ್ದಾರ್ ಪಟೇಲ್ ಮತ್ತು ದಿವಾನ್ ಮಿರ್ಜಾ ಇಸ್ಮಾಯಿಲ್ ನಡುವೆ ಒಪ್ಪಂದವಾಗಿ ಧ್ವಜದ ಪ್ರಶ್ನೆ ಬಗೆಹರಿಯಿತು. ಜವಾಬ್ದಾರಿ ಸರ್ಕಾರದ ಪ್ರಶ್ನೆ ಮಾತ್ರ ಕೆ. ಆರ್. ಶ್ರೀನಿವಾಸಯ್ಯಂಗಾರ್ ಅಧ್ಯಕ್ಷತೆಯ ರಾಜ್ಯಾಂಗ ಸುಧಾರಣಾ ಸಮಿತಿಯ ಪಾಲಾಯಿತು. ಜನರ ಬೇಡಿಕೆ ಒಂದು ಪದದಲ್ಲಿ, ಸರ್ಕಾರದ ಉತ್ತರ ಇನ್ನೊಂದು ಪದದಲ್ಲಿ. ಬೇಡಿಕೆ ಈಡೇರಿದ್ದು 'ಮೈಸೂರು ಚಲೋ' ಚಳವಳಿಯ ನಂತರ, 1947ರ ಅಕ್ಟೋಬರ್‌ನಲ್ಲಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ ರಚನೆಯಾದಾಗ.

ಕಾನೂನಿನ ಪದಗಳು

ಸಂಸ್ಥಾನದ ಸಾಮಾಜಿಕ ಶಾಸನಗಳಲ್ಲಿ 'ನಿಷೇಧ', 'ಪ್ರತಿಬಂಧ'ಗಳೇ ಪ್ರಧಾನ. 1894ರ ಬಾಲ್ಯವಿವಾಹ ಕಾಯಿದೆ ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ವಿವಾಹವನ್ನು ತಡೆಯಿತು. 1933ರ ಹಿಂದೂ ಕಾನೂನಿನ ಮಹಿಳಾ ಹಕ್ಕುಗಳ ಕಾಯಿದೆಯ ಹೆಸರಿನಲ್ಲಿಯೇ 'ಹಕ್ಕು' ಕಾಣಿಸಿಕೊಂಡಿತು.

ಈ ಸೀಮೆಯ ರೈತರಿಗೆ ಹೆಚ್ಚು ಪರಿಚಿತವಾದ ಸಂಯುಕ್ತ ಪದ 'ಭೂಸುಧಾರಣೆ'. 1961ರ ಭೂಸುಧಾರಣಾ ಕಾಯಿದೆಗೆ ದೇವರಾಜ ಅರಸು ಸರ್ಕಾರ ತಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಯಾಗಿ, ಗೇಣಿಯ ಜಮೀನುಗಳು ಸರ್ಕಾರದಲ್ಲಿ ನಿಹಿತವಾದವು. ಅಧಿಭೋಗದ ಹಕ್ಕಿಗಾಗಿ ಗೇಣಿದಾರರು ನಮೂನೆ 7ರಲ್ಲಿ ಭೂ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಬೇಕಿತ್ತು. ಕಾಯಿದೆಯ ಆಶಯ ಜನರ ಬಾಯಲ್ಲಿ ನಿಂತದ್ದು 'ಉಳುವವನೇ ಹೊಲದೊಡೆಯ' ಎಂಬ ಘೋಷಣೆಯಾಗಿ. 'ನಿಹಿತ', 'ಅಧಿಭೋಗ' ಮೊದಲಾದವು ಕಡತಗಳಲ್ಲೇ ಉಳಿದವು.

2020ರ ತಿದ್ದುಪಡಿಯು ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳುವುದನ್ನು ನಿರ್ಬಂಧಿಸಿದ್ದ 79-ಎ ಮತ್ತು 79-ಬಿ ಕಲಮುಗಳನ್ನು ತೆಗೆದುಹಾಕಿತು. ಸರ್ಕಾರ ಇದನ್ನೂ ಸುಧಾರಣೆಯೆಂದಿತು. ರೈತ ಸಂಘಟನೆಗಳು ಭೂಸುಧಾರಣೆಯನ್ನು ಬುಡಮೇಲು ಮಾಡುವ ಕ್ರಮವೆಂದು ವಿರೋಧಿಸಿದವು. ಕಾಯಿದೆಯ ಶೀರ್ಷಿಕೆಯಲ್ಲಿ 'ಭೂಸುಧಾರಣೆ' ಎಂಬ ಪದ ಹಾಗೆಯೇ ಇದೆ.