ಬೆಣ್ಣೆಗೆ ಮರಳಿದ ಉತ್ತರ ಯುರೋಪ್: ಎಲ್‌ಸಿಎಚ್‌ಎಫ್ ಪಥ್ಯದ ಕಥೆ

2011ರ ಡಿಸೆಂಬರ್‌ನಲ್ಲಿ ನಾರ್ವೆ ದೇಶದ ಅಂಗಡಿಗಳಲ್ಲಿ ಬೆಣ್ಣೆಯೇ ಇಲ್ಲದಂತಾಯಿತು. ಕ್ರಿಸ್‌ಮಸ್‌ಗೆಂದು ಮನೆಯಲ್ಲಿಯೇ ಏಳು ಬಗೆಯ ಬಿಸ್ಕತ್ತು ತಯಾರಿಸುವ ಸಂಪ್ರದಾಯವುಳ್ಳ ನಾಡಿನಲ್ಲಿ ಹಬ್ಬದ ಹೊಸ್ತಿಲಲ್ಲೇ ಇಂಥ ಕೊರತೆ ಎದುರಾದದ್ದು ಸಣ್ಣ ಸಂಗತಿಯೇನಲ್ಲ. ಜನರು ಕಾರು ಹತ್ತಿ ಗಡಿಯಾಚೆಗಿನ ಸ್ವೀಡನ್ನಿನ ಅಂಗಡಿಗಳಿಗೆ ಧಾವಿಸಿದರು. ಕಾರಿನಲ್ಲಿ 90 ಕಿಲೋ ಬೆಣ್ಣೆ ಬಚ್ಚಿಟ್ಟುಕೊಂಡು ಗಡಿ ದಾಟುತ್ತಿದ್ದ ರಷ್ಯನ್ ಪ್ರಜೆಯೊಬ್ಬ ಸುಂಕದ ಅಧಿಕಾರಿಗಳ ಕೈಗೆ ಸಿಕ್ಕಿಬಿದ್ದ. ಕಡೆಗೆ ಸರ್ಕಾರವೇ ಮಣಿದು, ಕಿಲೋಗೆ 25 ಕ್ರೋನರ್‌ನಷ್ಟಿದ್ದ ಆಮದು ಸುಂಕವನ್ನು ತಾತ್ಕಾಲಿಕವಾಗಿ 4 ಕ್ರೋನರ್‌ಗೆ ಇಳಿಸಬೇಕಾಯಿತು.

ಕೊರತೆಗೆ ಕಾರಣಗಳು ಹಲವು. ಆ ವರ್ಷದ ಬೇಸಿಗೆಯಲ್ಲಿ ಸುರಿದ ಅತಿವೃಷ್ಟಿಯಿಂದ ಮೇವು ಹಾಳಾಗಿ ಹಾಲಿನ ಇಳುವರಿ ಕುಸಿದಿತ್ತು. ದೇಶದ ಬೆಣ್ಣೆ ಮಾರುಕಟ್ಟೆಯ ಬಹುಪಾಲು ‘ಟೀನೆ’ ಎಂಬ ಒಂದೇ ಸಂಸ್ಥೆಯ ಹಿಡಿತದಲ್ಲಿತ್ತು. ಇದು ನಮ್ಮ ಕೆಎಂಎಫ್‌ನಂತೆ ಹಾಲು ಉತ್ಪಾದಕರ ಸಹಕಾರಿ ವ್ಯವಸ್ಥೆ. ಇವೆರಡರ ಜೊತೆಗೆ, ಬೆಣ್ಣೆಯ ಬೇಡಿಕೆ ಅಕ್ಟೋಬರ್‌ನಲ್ಲಿ ಶೇ. 20ರಷ್ಟು, ನವೆಂಬರ್‌ನಲ್ಲಿ ಶೇ. 30ರಷ್ಟು ಏರಿತ್ತು. ಈ ಏರಿಕೆಯ ಹಿಂದೆ ಇದ್ದುದು ಸ್ವೀಡನ್‌ನಿಂದ ಹಬ್ಬಿ ಬಂದಿದ್ದ ಒಂದು ಪಥ್ಯ. ಶರ್ಕರಪಿಷ್ಟವನ್ನು ಕಡಿಮೆ ಮಾಡಿ ಕೊಬ್ಬನ್ನು ಹೆಚ್ಚಿಸುವ ಈ ಆಹಾರಕ್ರಮಕ್ಕೆ ‘ಲೋ ಕಾರ್ಬ್, ಹೈ ಫ್ಯಾಟ್’ ಎಂಬ ಹೆಸರು, ಸಂಕ್ಷೇಪವಾಗಿ ಎಲ್‌ಸಿಎಚ್‌ಎಫ್.

ಏನಿದು ಎಲ್‌ಸಿಎಚ್‌ಎಫ್?

ಬ್ರೆಡ್, ಆಲೂಗಡ್ಡೆ, ಅಕ್ಕಿ, ಪಾಸ್ತಾ, ಸಕ್ಕರೆ, ಬಿಯರ್ ಇವೆಲ್ಲವೂ ಈ ಪಥ್ಯದಲ್ಲಿ ವರ್ಜ್ಯ. ಮಾಂಸ, ಮೀನು, ಮೊಟ್ಟೆ, ಚೀಸ್, ಕೆನೆ, ಬೆಣ್ಣೆ ಹಾಗೂ ನೆಲದ ಮೇಲೆ ಬೆಳೆಯುವ ತರಕಾರಿಗಳಿಗೆ ಅಡ್ಡಿಯಿಲ್ಲ. ಕಟ್ಟುನಿಟ್ಟಾಗಿ ಪಾಲಿಸುವವರು ದಿನಕ್ಕೆ 20 ಗ್ರಾಂಗಿಂತ ಕಡಿಮೆ ಶರ್ಕರಪಿಷ್ಟ ಸೇವಿಸುತ್ತಾರೆ. ಒಂದು ಸಾಧಾರಣ ಗಾತ್ರದ ಬಾಳೆಹಣ್ಣಿನಲ್ಲಿಯೇ ಅದಕ್ಕಿಂತ ಹೆಚ್ಚು ಇರುತ್ತದೆ ಎಂಬುದನ್ನು ಗಮನಿಸಿದರೆ ಈ ನಿಯಮದ ಬಿಗಿ ಅರ್ಥವಾದೀತು. ‘ಕೀಟೋ’ ಎಂಬ ಹೆಸರಿನಲ್ಲಿ ನಮ್ಮ ನಗರಗಳಿಗೂ ಪರಿಚಿತವಾಗಿರುವ ಪಥ್ಯ ಬಹುಮಟ್ಟಿಗೆ ಇದೇ.

ಶರ್ಕರಪಿಷ್ಟ ಕಡಿಮೆಯಾದಾಗ ರಕ್ತದಲ್ಲಿ ಇನ್ಸುಲಿನ್ ಪ್ರಮಾಣ ತಗ್ಗುತ್ತದೆ. ದೇಹವು ಕೊಬ್ಬನ್ನು ಕರಗಿಸಿ, ಯಕೃತ್ತಿನಲ್ಲಿ ಕೀಟೋನ್ ಎಂಬ ಪದಾರ್ಥವನ್ನು ತಯಾರಿಸಿ ಅದನ್ನು ಇಂಧನವಾಗಿ ಬಳಸತೊಡಗುತ್ತದೆ. ಹಸಿವೂ ಕುಗ್ಗುತ್ತದೆ ಎಂಬುದು ಹಲವರ ಅನುಭವ. ಆದರೆ ಮೊದಲ ವಾರದಲ್ಲಿ ತಕ್ಕಡಿಯ ಮುಳ್ಳು ತೋರಿಸುವ ಇಳಿಕೆಯಲ್ಲಿ ಬಹುಪಾಲು ನೀರು. ದೇಹದಲ್ಲಿ ಗ್ಲೈಕೋಜನ್ ರೂಪದಲ್ಲಿ ಸಂಗ್ರಹವಾಗಿರುವ ಪಿಷ್ಟವು ತನ್ನ ತೂಕದ ಸುಮಾರು ಮೂರು ಪಟ್ಟು ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ಸಂಗ್ರಹ ಖರ್ಚಾದಂತೆ ಆ ನೀರೂ ಹೊರಹೋಗುತ್ತದೆ.

ಈ ಪಥ್ಯವೇನೂ ಸ್ವೀಡನ್ನರ ಆವಿಷ್ಕಾರವಲ್ಲ. ಶವಸಂಸ್ಕಾರದ ವ್ಯವಸ್ಥೆ ಮಾಡುವ ವೃತ್ತಿಯಲ್ಲಿದ್ದ ಲಂಡನ್ನಿನ ವಿಲಿಯಂ ಬ್ಯಾಂಟಿಂಗ್ ಎಂಬಾತ, ಬ್ರೆಡ್, ಸಕ್ಕರೆ, ಆಲೂಗಡ್ಡೆ ಬಿಟ್ಟು ತಾನು ತೂಕ ಇಳಿಸಿಕೊಂಡ ಬಗೆಯನ್ನು 1863ರಲ್ಲಿ ಕಿರುಹೊತ್ತಗೆಯಾಗಿ ಪ್ರಕಟಿಸಿದ್ದ. ಅದು ಎಷ್ಟು ಜನಪ್ರಿಯವಾಯಿತೆಂದರೆ, ಸ್ವೀಡಿಷ್ ಭಾಷೆಯಲ್ಲಿ ತೂಕ ಇಳಿಸುವುದಕ್ಕೆ ಇಂದಿಗೂ ಬಳಕೆಯಲ್ಲಿರುವ ‘ಬಾಂಟಾ’ ಎಂಬ ಕ್ರಿಯಾಪದ ಆತನ ಹೆಸರಿನಿಂದಲೇ ಹುಟ್ಟಿದ್ದು.

ವೈದ್ಯೆಯ ವಿರುದ್ಧ ದೂರು

ಆದರೆ 20ನೇ ಶತಮಾನದ ಉತ್ತರಾರ್ಧದಲ್ಲಿ ಸ್ವೀಡನ್‌ನ ಅಧಿಕೃತ ಸಲಹೆ ಇದಕ್ಕೆ ತದ್ವಿರುದ್ಧವಾಗಿತ್ತು. ಕೊಬ್ಬು ಕಡಿಮೆ ಮಾಡಿ, ಧಾನ್ಯ ಹೆಚ್ಚಿಸಿ ಎಂಬುದೇ ಅದರ ಸಾರ. ದಿನಕ್ಕೆ 6ರಿಂದ 8 ತುಂಡು ಬ್ರೆಡ್ ತಿನ್ನಬೇಕೆಂಬುದು ಆರೋಗ್ಯ ಇಲಾಖೆಯ ಅಪೇಕ್ಷೆ ಎಂದು ಸಾರುತ್ತಿದ್ದ 1970ರ ದಶಕದ ಜಾಹೀರಾತು ಇಂದಿಗೂ ಅಲ್ಲಿನ ಹಿರಿಯರ ನೆನಪಿನಲ್ಲಿದೆ. ಎಲ್‌ಸಿಎಚ್‌ಎಫ್ ಬೆಂಬಲಿಗರ ಪಾಲಿಗೆ ಆ ಜಾಹೀರಾತು ಸದಾ ಸಿದ್ಧವಾಗಿರುವ ಅಸ್ತ್ರ.

ಈ ಸಲಹೆಯನ್ನು ಬಹಿರಂಗವಾಗಿ ಧಿಕ್ಕರಿಸಿದವರು ಸುಂಡ್ಸ್‌ವಾಲ್ ನಗರದ ಸಮೀಪದ ನ್ಯುರುಂಡಾದಲ್ಲಿ ಸಾಮಾನ್ಯ ವೈದ್ಯೆಯಾಗಿದ್ದ ಆನಿಕಾ ದಾಲ್‌ಕ್ವಿಸ್ಟ್. 2004ರಲ್ಲಿ ಅವರು ಈ ಪಥ್ಯವನ್ನು ಮೊದಲು ತಮ್ಮ ಮೇಲೆಯೇ ಪ್ರಯೋಗಿಸಿಕೊಂಡು, ಬಳಿಕ ಸ್ಥೂಲಕಾಯ ಹಾಗೂ ಮಧುಮೇಹದ ರೋಗಿಗಳಿಗೆ ಸೂಚಿಸತೊಡಗಿದರು. ಪತ್ರಿಕೆಗಳಲ್ಲಿ ಸುದ್ದಿಯಾದರು. 2005ರಲ್ಲಿ ಇಬ್ಬರು ಆಹಾರತಜ್ಞೆಯರು, ಈ ವೈದ್ಯೆಯ ಸಲಹೆ ರೋಗಿಗಳಿಗೆ ಅಪಾಯಕಾರಿ ಎಂದು ರಾಷ್ಟ್ರೀಯ ಆರೋಗ್ಯ ಮತ್ತು ಕಲ್ಯಾಣ ಮಂಡಳಿಗೆ ದೂರಿತ್ತರು. ವಿಚಾರಣೆ ಎರಡು ವರ್ಷಕ್ಕೂ ಹೆಚ್ಚು ಕಾಲ ನಡೆಯಿತು.

2008ರ ಜನವರಿಯಲ್ಲಿ ಮಂಡಳಿ ತೀರ್ಪು ನೀಡಿತು. ಸ್ಥೂಲಕಾಯ ಮತ್ತು ಎರಡನೇ ಬಗೆಯ ಮಧುಮೇಹವುಳ್ಳವರಿಗೆ ಕಡಿಮೆ ಶರ್ಕರಪಿಷ್ಟದ ಆಹಾರ ಸೂಚಿಸುವುದು ವಿಜ್ಞಾನಕ್ಕೂ ವೈದ್ಯಕೀಯ ಅನುಭವಕ್ಕೂ ವಿರುದ್ಧವಲ್ಲ ಎಂಬುದು ಅದರ ತಾತ್ಪರ್ಯ. ದಾಲ್‌ಕ್ವಿಸ್ಟ್ ದೋಷಮುಕ್ತರಾದರು. ಇಲ್ಲಿ ಒಂದು ಅಂಶವನ್ನು ಒತ್ತಿ ಹೇಳಬೇಕಾಗಿದೆ. ಮಂಡಳಿ ತೀರ್ಮಾನಿಸಿದ್ದು ಒಬ್ಬ ವೈದ್ಯೆಯ ಚಿಕಿತ್ಸಾಕ್ರಮ ಸಮ್ಮತವೇ ಅಲ್ಲವೇ ಎಂಬ ಪ್ರಶ್ನೆಯನ್ನು. ಆರೋಗ್ಯವಂತರೆಲ್ಲರೂ ಬೆಣ್ಣೆ ತಿನ್ನಬೇಕೇ ಎಂಬುದನ್ನಲ್ಲ. ಆದರೆ ಜನಮನದಲ್ಲಿ ಈ ಎರಡೂ ಬೆರೆತುಹೋದವು.

ಮುಂದಿನ ಕೆಲವೇ ವರ್ಷಗಳಲ್ಲಿ ಪಥ್ಯ ಚಳವಳಿಯ ಸ್ವರೂಪ ಪಡೆಯಿತು. ಆಂಡ್ರಿಯಾಸ್ ಈನ್‌ಫೆಲ್ಟ್ ಎಂಬ ಯುವ ವೈದ್ಯರು 2007ರಲ್ಲಿ ಆರಂಭಿಸಿದ ಅಂತರಜಾಲ ತಾಣ ಅಪಾರ ಓದುಗರನ್ನು ಗಳಿಸಿತು. ‘ಆಹಾರ ಕ್ರಾಂತಿ’ ಎಂಬರ್ಥದ ಶೀರ್ಷಿಕೆಯ ಅವರ ಪುಸ್ತಕ 2011ರಲ್ಲಿ ಹೊರಬಂತು. ಫಿನ್ಲೆಂಡಿನಲ್ಲಿ ಇದಕ್ಕೆ ‘ಕಾರ್ಪ್ಪೌಸ್’ ಎಂದು ಹೆಸರಾಯಿತು, ನಾರ್ವೆಯಲ್ಲಿ ‘ಲಾವ್‌ಕಾರ್ಬೊ’. ಹಾಲು, ಬೆಣ್ಣೆ, ಕೆನೆ ಈ ಶೀತಪ್ರದೇಶದ ಅಡುಗೆಮನೆಗೆ ಹೊಸತಲ್ಲ. ದಶಕಗಳ ಕಾಲ ಅಳುಕುತ್ತಲೇ ತಿನ್ನುತ್ತಿದ್ದುದನ್ನು ಇನ್ನು ನಿಶ್ಚಿಂತೆಯಿಂದ ತಿನ್ನಬಹುದು ಎಂದು ವೈದ್ಯರ ಬಾಯಿಂದಲೇ ಕೇಳಿದಾಗ ಜನ ಒಲಿದದ್ದರಲ್ಲಿ ಅಚ್ಚರಿಯಿಲ್ಲ. ವಿಚಿತ್ರವೆಂದರೆ, ನಾರ್ವೆ ಬೆಣ್ಣೆಗಾಗಿ ಪರದಾಡುತ್ತಿದ್ದ ಅದೇ ದಿನಗಳಲ್ಲಿ ನೆರೆಯ ಡೆನ್ಮಾರ್ಕ್ ಬೆಣ್ಣೆಯ ಮೇಲೆ ತೆರಿಗೆ ಹೇರಿತ್ತು! ಸ್ಯಾಚುರೇಟೆಡ್ ಕೊಬ್ಬಿಗೆ ಕಿಲೋಗೆ 16 ಕ್ರೋನರ್ ವಿಧಿಸಿದ ಆ ತೆರಿಗೆ 2011ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂದು, 2013ರ ಜನವರಿ 1ರಂದು ರದ್ದಾಯಿತು.

‘ಸ್ವೀಡನ್ ಒಪ್ಪಿದೆ’ ಎಂಬ ಸುದ್ದಿ

ಕಡಿಮೆ ಕೊಬ್ಬಿನ ಸಿದ್ಧಾಂತವನ್ನು ತಿರಸ್ಕರಿಸಿದ ಮೊದಲ ಪಾಶ್ಚಾತ್ಯ ದೇಶ ಸ್ವೀಡನ್ ಎಂಬ ಸುದ್ದಿ 2013ರ ಅಕ್ಟೋಬರ್‌ನಲ್ಲಿ ಜಗತ್ತಿನಾದ್ಯಂತ ಹರಡಿತು. ಕೀಟೋ ಪಥ್ಯದ ಪ್ರಚಾರದಲ್ಲಿ ಇದರ ಉಲ್ಲೇಖ ಮತ್ತೆ ಮತ್ತೆ ಕಾಣಸಿಗುತ್ತದೆ. ಸುದ್ದಿಯ ಮೂಲ ನಿಜವಾದದ್ದೇ. ವೈದ್ಯಕೀಯ ಪದ್ಧತಿಗಳನ್ನು ಒರೆಗೆ ಹಚ್ಚುವ ಎಸ್‌ಬಿಯು ಎಂಬ ಸರ್ಕಾರಿ ಸಂಸ್ಥೆ ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಸ್ಥೂಲಕಾಯ ಮತ್ತು ಆಹಾರದ ಕುರಿತು ವರದಿ ಪ್ರಕಟಿಸಿತ್ತು. ಆದರೆ ಸುದ್ದಿ ಹೇಳಿದ್ದೇ ಒಂದು, ವರದಿ ಹೇಳಿದ್ದೇ ಇನ್ನೊಂದು.

ವರದಿಯ ಪ್ರಕಾರ, ಮೊದಲ ಆರು ತಿಂಗಳಲ್ಲಿ ಕಟ್ಟುನಿಟ್ಟಿನ ಕಡಿಮೆ ಶರ್ಕರಪಿಷ್ಟದ ಪಥ್ಯದಿಂದ ಕಡಿಮೆ ಕೊಬ್ಬಿನ ಪಥ್ಯಕ್ಕಿಂತ ಹೆಚ್ಚು ತೂಕ ಇಳಿಯುತ್ತದೆ. ಒಂದು ವರ್ಷ ಕಳೆಯುವಷ್ಟರಲ್ಲಿ ಎರಡರ ನಡುವಿನ ಅಂತರ ಇಲ್ಲವಾಗುತ್ತದೆ. ಪಥ್ಯ ಯಾವುದೇ ಆಗಿರಲಿ, ದಿನಗಳೆದಂತೆ ಜನ ಅದನ್ನು ಪಾಲಿಸುವುದು ಸಡಿಲವಾಗುತ್ತದೆ ಎಂಬುದು ಇದಕ್ಕೆ ನೀಡಲಾದ ಸಂಭಾವ್ಯ ವಿವರಣೆ. ಸಾವು ಮತ್ತು ಹೃದ್ರೋಗದ ಮೇಲಿನ ದೀರ್ಘಕಾಲೀನ ಪರಿಣಾಮದ ಬಗ್ಗೆ ತೀರ್ಮಾನಿಸುವಷ್ಟು ಪುರಾವೆ ಇಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಪರಿಶೀಲಿಸಿದ್ದು ಸ್ಥೂಲಕಾಯರ ಚಿಕಿತ್ಸೆಯನ್ನು. ಸಾರ್ವಜನಿಕರು ಏನು ತಿನ್ನಬೇಕೆಂದು ಹೇಳುವ ಅಧಿಕಾರ ರಾಷ್ಟ್ರೀಯ ಆಹಾರ ಇಲಾಖೆಯದ್ದು; ಎಸ್‌ಬಿಯುವಿನದ್ದಲ್ಲ. ಆಹಾರ ಇಲಾಖೆ ಬೆಣ್ಣೆಯ ಪರವಾಗಿ ತನ್ನ ಸಲಹೆಯನ್ನು ಬದಲಿಸಲಿಲ್ಲ.

ಹೃದಯದ ಹಳೆಯ ನೆನಪು

ಬೆಣ್ಣೆಯ ವಿಷಯ ಬಂದರೆ ಈ ಭಾಗದ ಆರೋಗ್ಯ ತಜ್ಞರು ಏಕೆ ಬೆಚ್ಚುತ್ತಾರೆ ಎಂಬುದಕ್ಕೆ ಫಿನ್ಲೆಂಡಿನ ಇತಿಹಾಸದಲ್ಲಿ ಉತ್ತರವಿದೆ. 1970ರ ಸುಮಾರಿಗೆ ಹೃದಯಾಘಾತದಿಂದ ಸಾಯುವ ಪುರುಷರ ಪ್ರಮಾಣ ಜಗತ್ತಿನಲ್ಲೇ ಅತ್ಯಧಿಕವಾಗಿದ್ದ ದೇಶಗಳಲ್ಲಿ ಅದು ಮುಂಚೂಣಿಯಲ್ಲಿತ್ತು. ದೇಶದ ಪೂರ್ವದ ಉತ್ತರ ಕರೇಲಿಯಾ ಪ್ರಾಂತ್ಯದಲ್ಲಿ ಸ್ಥಿತಿ ಇನ್ನೂ ಘೋರ. ದುಡಿದು ಸಂಸಾರ ಸಾಕಬೇಕಾದ ವಯಸ್ಸಿನ ಗಂಡಸರು ಹಠಾತ್ತನೆ ಕುಸಿದು ಬೀಳುತ್ತಿದ್ದರು. ಪ್ರಾಂತ್ಯದ ಜನರೇ ಸರ್ಕಾರಕ್ಕೆ ಮನವಿ ಸಲ್ಲಿಸಿದರು. 1972ರಲ್ಲಿ ಪೆಕ್ಕಾ ಪುಸ್ಕಾ ಎಂಬ ಯುವ ವೈದ್ಯರ ನೇತೃತ್ವದಲ್ಲಿ ಆರಂಭವಾದ ಯೋಜನೆ ಬೆಣ್ಣೆಯ ಬದಲು ಸಸ್ಯಜನ್ಯ ಎಣ್ಣೆ, ಕಡಿಮೆ ಉಪ್ಪು, ತಂಬಾಕು ತ್ಯಾಗ ಇವನ್ನು ಮನೆಮನೆಗೆ ಮುಟ್ಟಿಸಿತು. ಸುಮಾರು 35 ವರ್ಷಗಳಲ್ಲಿ ಅಲ್ಲಿನ ದುಡಿಯುವ ವಯಸ್ಸಿನ ಪುರುಷರಲ್ಲಿ ಹೃದಯಾಘಾತದ ಸಾವುಗಳು ಶೇ. 80ಕ್ಕಿಂತ ಹೆಚ್ಚು ಇಳಿದವು. ಇದರ ಶ್ರೇಯಸ್ಸು ಆಹಾರವೊಂದಕ್ಕೇ ಸಲ್ಲದು. ಧೂಮಪಾನ ತಗ್ಗಿತು, ಚಿಕಿತ್ಸೆಯೂ ಸುಧಾರಿಸಿತು. ಆದರೆ ಕೊಲೆಸ್ಟರಾಲ್ ಇಳಿಕೆಯ ಪಾಲು ದೊಡ್ಡದು.

ದಶಕಗಳ ಕಾಲ ಇಳಿಯುತ್ತಲೇ ಬಂದಿದ್ದ ಫಿನ್ಲೆಂಡಿಗರ ಕೊಲೆಸ್ಟರಾಲ್ 2007 ಮತ್ತು 2012ರ ಸಮೀಕ್ಷೆಗಳ ನಡುವೆ ಮತ್ತೆ ಏರಿತು. ಸ್ವೀಡನ್‌ನ ಉತ್ತರದ ವೆಸ್ಟರ್‌ಬಾಟನ್ ಪ್ರಾಂತ್ಯದಲ್ಲಿಯೂ ಇದೇ ಚಿತ್ರ. ಅಲ್ಲಿ 25 ವರ್ಷಗಳಲ್ಲಿ ನಡೆದ 1,40,000 ತಪಾಸಣೆಗಳ ದಾಖಲೆಯನ್ನು ಆಧರಿಸಿ 2012ರಲ್ಲಿ ಪ್ರಕಟವಾದ ಅಧ್ಯಯನ ಇನ್ನಷ್ಟು ಸ್ಪಷ್ಟವಾಗಿದೆ. 1986ರ ನಂತರ ಕೊಬ್ಬಿನ ಸೇವನೆ ಇಳಿದು, ಜೊತೆಗೆ ಕೊಲೆಸ್ಟರಾಲ್ ಕೂಡ ಇಳಿಯಿತು. 2000ದ ದಶಕದ ಮೊದಲ ವರ್ಷಗಳ ಬಳಿಕ ಕೊಬ್ಬಿನ ಸೇವನೆ ಏರತೊಡಗಿತು. 2007ರ ನಂತರ ಕೊಲೆಸ್ಟರಾಲ್ ಕೂಡ ಏರಿತು. ಕೊಲೆಸ್ಟರಾಲ್ ಇಳಿಸುವ ಮಾತ್ರೆಗಳ ಬಳಕೆ ಹೆಚ್ಚಿದ್ದರೂ ಹೀಗಾಯಿತೆಂಬುದು ಗಮನಾರ್ಹ. ದೇಹತೂಕ ಮಾತ್ರ ಕೊಬ್ಬು ಇಳಿದಾಗಲೂ ಏರಿತು, ಏರಿದಾಗಲೂ ಏರಿತು! ಎರಡು ರೇಖೆಗಳು ಒಟ್ಟಿಗೆ ಚಲಿಸಿದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವೆಂದು ಸಾಧಿಸಿದಂತಾಗದು ಎಂಬ ಬೆಂಬಲಿಗರ ವಾದ ತರ್ಕಬದ್ಧವೇ. ಆದರೂ ಕರೇಲಿಯಾದ ಅನುಭವವನ್ನು ಕಂಡವರು ಆ ವಾದಕ್ಕೆ ಸುಲಭವಾಗಿ ತಲೆಬಾಗಲಾರರು.

ಮಧುಮೇಹಿಗಳ ಪ್ರಶ್ನೆ

ಮಧುಮೇಹಿಗಳ ಮಟ್ಟಿಗೆ ಮಾತು ಬೇರೆ. ಲಿನ್‌ಶೋಪಿಂಗ್ ವಿಶ್ವವಿದ್ಯಾಲಯದ ಸಂಶೋಧಕರು ಎರಡನೇ ಬಗೆಯ ಮಧುಮೇಹವಿದ್ದ 61 ಮಂದಿಯನ್ನು ಎರಡು ಗುಂಪು ಮಾಡಿ ಎರಡು ವರ್ಷ ಗಮನಿಸಿದರು. ಫಲಿತಾಂಶ 2012ರಲ್ಲಿ ಪ್ರಕಟವಾಯಿತು. ತೂಕ ಇಳಿಕೆ ಎರಡೂ ಗುಂಪುಗಳಲ್ಲಿ ಹೆಚ್ಚುಕಡಿಮೆ ಸಮ. ಆದರೆ ಶರ್ಕರಪಿಷ್ಟ ಕಡಿಮೆ ಮಾಡಿದವರಲ್ಲಿ ಮೊದಲ ಆರು ತಿಂಗಳಲ್ಲಿ ರಕ್ತದ ಸಕ್ಕರೆ ಉತ್ತಮವಾಗಿ ಹತೋಟಿಗೆ ಬಂತು, ಇನ್ಸುಲಿನ್ ಪ್ರಮಾಣವನ್ನೂ ತಗ್ಗಿಸಲಾಯಿತು. ಆರೋಗ್ಯ ಮಂಡಳಿ 2011ರಲ್ಲಿ ಹೊರಡಿಸಿದ ಮಾರ್ಗಸೂಚಿಯು ಮಿತ ಪ್ರಮಾಣದ ಕಡಿಮೆ ಶರ್ಕರಪಿಷ್ಟದ ಆಹಾರವನ್ನು ಮಧುಮೇಹಿಗಳು ಆಯ್ದುಕೊಳ್ಳಬಹುದಾದ ನಾಲ್ಕು ಬಗೆಗಳಲ್ಲಿ ಒಂದೆಂದು ಸೇರಿಸಿತು. ತೀರಾ ಕಟ್ಟುನಿಟ್ಟಿನ ಬಗೆಯನ್ನು ಸೇರಿಸಲಿಲ್ಲ. ದೀರ್ಘಕಾಲದ ಸುರಕ್ಷತೆಯ ಪುರಾವೆ ಸಾಲದೆಂಬುದು ಕಾರಣ.

ಎಚ್ಚರಿಕೆಗೆ ಆಧಾರವಿಲ್ಲದಿಲ್ಲ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಕೆಲವು ಮಾತ್ರೆಗಳನ್ನು ಹಿಂದಿನ ಪ್ರಮಾಣದಲ್ಲಿಯೇ ಮುಂದುವರಿಸಿ ಅನ್ನ, ಬ್ರೆಡ್ ನಿಲ್ಲಿಸಿದರೆ ರಕ್ತದ ಸಕ್ಕರೆ ಅಪಾಯಕಾರಿ ಮಟ್ಟಕ್ಕೆ ಕುಸಿಯಬಹುದು. ಹಾಗಾಗಿ ಔಷಧದ ಪ್ರಮಾಣವನ್ನು ವೈದ್ಯರೇ ಮೊದಲು ಪರಿಷ್ಕರಿಸಬೇಕು. ಹಸುಗೂಸಿಗೆ ಹಾಲೂಡಿಸುತ್ತಿದ್ದ, ಮಧುಮೇಹವಿಲ್ಲದ 32 ವರ್ಷದ ಮಹಿಳೆಯೊಬ್ಬರು ಈ ಪಥ್ಯ ಆರಂಭಿಸಿ ರಕ್ತ ಆಮ್ಲೀಯವಾಗುವ ‘ಕೀಟೋಆಸಿಡೋಸಿಸ್’ ಸ್ಥಿತಿ ತಲುಪಿ ಆಸ್ಪತ್ರೆ ಸೇರಿದ ಪ್ರಕರಣವನ್ನು ಸ್ವೀಡನ್ನಿನ ವೈದ್ಯರು 2015ರಲ್ಲಿ ವರದಿ ಮಾಡಿದ್ದಾರೆ. ಚಿಕಿತ್ಸೆಯಿಂದ ಅವರು ಚೇತರಿಸಿಕೊಂಡರು.

ಸದ್ಯದ ಸ್ಥಿತಿ

2011ರ ಆಸುಪಾಸಿನ ಭರಾಟೆ ಈಗ ಇಳಿದಿದೆ. ತೂಕ ಇಳಿಸುವ ಚರ್ಚೆಯ ಕೇಂದ್ರಕ್ಕೆ ಈಗ ಚುಚ್ಚುಮದ್ದು ಬಂದಿದೆ. ಡೆನ್ಮಾರ್ಕಿನದೇ ಕಂಪನಿ ನೊವೊ ನಾರ್ಡಿಸ್ಕ್ ತನ್ನ ‘ವೆಗೋವಿ’ಯನ್ನು ಸ್ವದೇಶದ ಮಾರುಕಟ್ಟೆಗೆ 2022ರ ಡಿಸೆಂಬರ್‌ನಲ್ಲಿ ಬಿಡುಗಡೆ ಮಾಡಿತು. ಹೊಟ್ಟೆ ತುಂಬುವಷ್ಟು ಕೊಬ್ಬು ತಿನ್ನಿ ಎನ್ನುತ್ತಿದ್ದ ಈನ್‌ಫೆಲ್ಟ್ ಕೂಡ ಇತ್ತೀಚಿನ ವರ್ಷಗಳಲ್ಲಿ ಕೊಬ್ಬಿಗಿಂತ ಪ್ರೋಟೀನಿಗೆ, ಹಸಿವು ತಣಿಸುವ ಆಹಾರಕ್ಕೆ ಒತ್ತು ಕೊಡುತ್ತಿದ್ದಾರೆ. ನಾರ್ಡಿಕ್ ಮತ್ತು ಬಾಲ್ಟಿಕ್ ದೇಶಗಳು ಜಂಟಿಯಾಗಿ 2023ರಲ್ಲಿ ಪ್ರಕಟಿಸಿದ ಪೌಷ್ಟಿಕತೆಯ ಶಿಫಾರಸು, ಒಟ್ಟು ಶಕ್ತಿಯ ಶೇ. 45ರಿಂದ 60ರಷ್ಟು ಶರ್ಕರಪಿಷ್ಟದಿಂದ, ಶೇ. 25ರಿಂದ 40ರಷ್ಟು ಕೊಬ್ಬಿನಿಂದ ಬರಬೇಕೆನ್ನುತ್ತದೆ. ಬೆಣ್ಣೆಯಲ್ಲಿ ಹೇರಳವಾಗಿರುವ ಸ್ಯಾಚುರೇಟೆಡ್ ಕೊಬ್ಬಿಗೆ ಅದು ನಿಗದಿಪಡಿಸಿರುವ ಮಿತಿ ಶೇ. 10ಕ್ಕಿಂತ ಕಡಿಮೆ.