ಕಳೆಯುವ ಲೆಕ್ಕ, ಉಳಿದ ಕಾಲು

ಎಂಟನೆಯ ತರಗತಿಯಲ್ಲಿ ನಮ್ಮ ಗಣಿತದ ಗುರುಗಳು ಬೀಜೋಕ್ತಿಗಳ ವ್ಯವಕಲನ ಕಲಿಸುವಾಗ, “ಸಜಾತಿ ಪದದ ಕೆಳಗ ಸಜಾತಿ ಪದಾನ ಬರಬೇಕು. ಸಾಲು ತಪ್ಪಿದರ ಲೆಕ್ಕಾನ ತಪ್ಪತೈತಿ” ಎನ್ನುತ್ತಿದ್ದರು. ರಕ್ತನಾಳಗಳ ಚಿತ್ರದ ಇತಿಹಾಸವೂ ಇದೇ ಲೆಕ್ಕದ ಕಥೆ.

1895ರಲ್ಲಿ ಜರ್ಮನಿಯ ರಾಂಟ್ಜನ್ ಕ್ಷ-ಕಿರಣ ಕಂಡುಹಿಡಿದರು. ಅದರಲ್ಲಿ ಎಲುಬು ಕಂಡಿತು, ರಕ್ತನಾಳ ಕಾಣಲಿಲ್ಲ. ರಕ್ತಕ್ಕೂ ಮಾಂಸಕ್ಕೂ ಆ ಕಿರಣ ಹೆಚ್ಚು ಭೇದ ಮಾಡುವುದಿಲ್ಲ. 1896ರ ಜನವರಿಯಲ್ಲೇ ವಿಯೆನ್ನಾದ ಹಾಶೆಕ್ ಮತ್ತು ಲಿಂಡೆಂಥಾಲ್ ಜೀವವಿಲ್ಲದ ಕೈಯೊಂದರ ನಾಳಗಳಿಗೆ ಪಾದರಸ ಬೆರೆತ ಮಿಶ್ರಣ ತುಂಬಿ ಚಿತ್ರ ತೆಗೆದರು. ಬದುಕಿರುವವರಿಗೆ ಅದು ವಿಷ. 1927ರಲ್ಲಿ ಲಿಸ್ಬನ್ನಿನ ಎಗಾಸ್ ಮೊನಿಜ್ ಅಯೋಡಿನ್ ಲವಣದ ದ್ರಾವಣ ಬಳಸಿ ರೋಗಿಯ ಮಿದುಳಿನ ನಾಳಗಳನ್ನು ತೋರಿಸಿದರು. ಹುಕ್ಕೇರಿ ತಾಲೂಕಿನ ಹಿಡಕಲ್ ಜಲಾಶಯದಿಂದ ನೀರು ಬಿಟ್ಟಾಗ ಗೋಕಾಕ, ಮೂಡಲಗಿ ಭಾಗದ ಕಾಲುವೆಗಳಲ್ಲಿ ಎಲ್ಲಿ ಹೂಳು ಕಟ್ಟಿದೆ ಎಂದು ತಿಳಿಯುತ್ತದಲ್ಲ, ಹಾಗೆ.

ಆದರೂ ಸಣ್ಣ ನಾಳಗಳು ಎಲುಬಿನ ನೆರಳಿನಲ್ಲಿ ಮುಚ್ಚಿಹೋಗುತ್ತಿದ್ದವು. 1930ರ ದಶಕದಲ್ಲಿ ನೆದರ್ಲೆಂಡ್ಸಿನ ಝೀಡ್ಸೆಸ್ ಡೆಸ್ ಪ್ಲಾಂಟೆಸ್ ಉಪಾಯ ಹುಡುಕಿದರು. ಔಷಧ ಕೊಡುವ ಮೊದಲಿನ ಚಿತ್ರದ ಕಪ್ಪು-ಬಿಳುಪನ್ನು ಅದಲುಬದಲು ಮಾಡಿ, ಕೊಟ್ಟ ನಂತರದ ಚಿತ್ರದ ಮೇಲಿಟ್ಟರೆ ಎಲುಬು ಮಾಯ. ಉಳಿಯುವುದು ನಾಳ ಮಾತ್ರ! 1980ರ ಸುಮಾರಿಗೆ ಕಂಪ್ಯೂಟರ್ ಈ ಕೆಲಸವನ್ನು ಚುಕ್ಕೆಗೆ ಚುಕ್ಕೆ ಕಳೆದು ಕ್ಷಣದಲ್ಲಿ ಮಾಡತೊಡಗಿತು.

ಬಿ.ಇ. ಮುಗಿಸಿ ನಾನು ಬರೆಯುವುದೂ ಇಂಥ ತಂತ್ರಾಂಶವನ್ನೇ. ಆದರೆ ಕೆಲವು ವರ್ಷಗಳ ಹಿಂದೆ ಬೆಳಗಾವಿಯ ಆಸ್ಪತ್ರೆಯೊಂದರ ಪರದೆಯ ಮೇಲಿದ್ದದ್ದು ನಮ್ಮಪ್ಪನ ಕಾಲು. ಸಕ್ಕರೆ ಕಾಯಿಲೆಯಿಂದ ಬೆರಳಿನ ಗಾಯ ಮಾಯದೆ ಕಪ್ಪಾಗಿತ್ತು. “ಕಾಕಾ, ಕಾಲು ಅಲಗಾಡಸಬ್ಯಾಡ್ರಿ” ಎಂದರೂ ಔಷಧದ ಬಿಸಿಗೆ ಅಪ್ಪ ಕಾಲು ಎಳೆದುಕೊಂಡರಂತೆ. ಎರಡು ಚಿತ್ರಗಳ ಸಾಲು ತಪ್ಪಿತು. ಎಲುಬಿನ ಅಂಚುಗಳು ಮತ್ತೆ ಮೂಡಿ ನಾಳವನ್ನು ಮರೆಮಾಡಿದವು. ಔಷಧ ಮತ್ತೆ ಮತ್ತೆ ಕೊಟ್ಟರೆ ಮೂತ್ರಪಿಂಡಕ್ಕೆ ಅಪಾಯ. ತಂತ್ರಜ್ಞರು ಮೊದಲ ಚಿತ್ರವನ್ನು ಕೂದಲೆಳೆಯಷ್ಟು ಸರಿಸಿ ಹೊಂದಿಸಿದರು. ಆಗ ಮೊಣಕಾಲಿನ ಕೆಳಗೆ ಕಿರಿದಾದ ನಾಳವೊಂದು ಸ್ಪಷ್ಟವಾಗಿ ಕಂಡಿತು. ವೈದ್ಯರು ಅದನ್ನು ಬಲೂನಿನಿಂದ ಅಗಲಿಸಿದರು. ಒಂದು ಬೆರಳು ಹೋಯಿತು, ಕಾಲು ಉಳಿಯಿತು. ಅಪ್ಪ ಈಗಲೂ ಕಬ್ಬಿನ ಹೊಲಕ್ಕೆ ನಡೆದೇ ಹೋಗುತ್ತಾರೆ.

ಊರಿನ ಹಿರಿಯರಲ್ಲಿ ಒಂದು ವಿನಂತಿ: ಸಕ್ಕರೆ ಕಾಯಿಲೆ ಇದ್ದವರು ಕಾಲಿನ ಗಾಯಕ್ಕೆ ಅರಿಶಿನ ಹಚ್ಚಿ ದಿನ ದೂಡಬೇಡಿ. “ಈ ಲೆಕ್ಕ ಮುಂದೆ ಎಲ್ಲಿ ಬರತೈತ್ರಿ ಸರ್?” ಎಂದು ಅಂದು ಕೇಳಿದ ಹುಡುಗರಲ್ಲಿ ನಾನೂ ಒಬ್ಬ. ಸಾಲು ತಪ್ಪದಂತೆ ಬರೆಯಲು ಕಲಿಸಿದ ಗುರುಗಳಿಗೆ ಈ ಸುವರ್ಣ ಮಹೋತ್ಸವದಲ್ಲಿ ನನ್ನ ನಮಸ್ಕಾರಗಳು.